ಆರೈಕೆ ಮಾಡುವವರಿಗೆ ಬೇಕಿರುವುದು ವಾರ, ಗಂಟೆ ಹೇಳಿ ಕೊಡುವ ನೆರವು

ಲಕ್ವ ಹೊಡೆದ ಅತ್ತೆಯನ್ನೋ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವ ಗಂಡನನ್ನೋ ಮನೆಯಲ್ಲೇ ನೋಡಿಕೊಳ್ಳುವವರಿಗೆ ಬಂದ ನೆಂಟರೆಲ್ಲ ಹೇಳಿ ಹೋಗುವ ಮಾತು, "ಏನಾದ್ರೂ ಬೇಕಾದ್ರೆ ಫೋನ್ ಮಾಡಿ." ಆ ಫೋನ್ ಸಾಮಾನ್ಯವಾಗಿ ಬರುವುದಿಲ್ಲ. ನಿದ್ದೆಗೆಟ್ಟವರಿಗೆ ಯಾರನ್ನು ಏನು ಕೇಳಲಿ ಎಂದು ಯೋಚಿಸುವುದೂ ಇನ್ನೊಂದು ಕೆಲಸ.

ಈ ಬಳಲಿಕೆ ಮನಸ್ಸಿನಲ್ಲಷ್ಟೇ ಉಳಿಯುವುದಿಲ್ಲ. ಅಮೆರಿಕದಲ್ಲಿ 1995ರಲ್ಲಿ ನಡೆದ ಅಧ್ಯಯನವೊಂದರಲ್ಲಿ, ಡಿಮೆನ್ಷಿಯಾ ರೋಗಿಗಳ ಆರೈಕೆ ಮಾಡುತ್ತಿದ್ದ ಮಹಿಳೆಯರಿಗೆ 3.5 ಮಿ.ಮೀ. ಗಾಯ ಮಾಯಲು ಇತರರಿಗಿಂತ ಸರಾಸರಿ 9 ದಿನ ಹೆಚ್ಚು ಹಿಡಿಯಿತು. 1999ರ ಇನ್ನೊಂದು ಅಧ್ಯಯನದಲ್ಲಿ, ಸಂಗಾತಿಯ ಆರೈಕೆಯಿಂದ ಬಳಲಿದ್ದ ಹಿರಿಯರಲ್ಲಿ 4 ವರ್ಷಗಳೊಳಗಿನ ಸಾವಿನ ಅಪಾಯ ಆರೈಕೆಯ ಹೊಣೆ ಇಲ್ಲದವರಿಗಿಂತ ಶೇ. 63ರಷ್ಟು ಹೆಚ್ಚಿತ್ತು. ಆರೈಕೆ ಮಾಡಿಯೂ ಬಳಲದವರಲ್ಲಿ ಆ ಏರಿಕೆ ಕಾಣಲಿಲ್ಲ. ನಮಗೆ ಭರವಸೆ ಕೊಡುವ ಅಂಶ ಇದೇ.

ಆದ್ದರಿಂದ "ಬುಧವಾರ ನಾಲ್ಕರಿಂದ ಆರರವರೆಗೆ ನಾನು ಕೂತಿರ್ತೀನಿ, ನೀವು ಮಲಗಿ" ಎನ್ನಿ. ಮೊದಲ ಎರಡು ವಾರ ಇಬ್ಬರೂ ಜೊತೆಗಿದ್ದು ಕೆಲಸ ಕಲಿಯಿರಿ. ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿ: ಮಾತ್ರೆಯ ಹೊತ್ತು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೂಗಿನ ಟ್ಯೂಬಿನಲ್ಲಿ ಆಹಾರ ಕೊಡುವಾಗ ತಲೆ ಕಡೆಯನ್ನು 30ರಿಂದ 45 ಡಿಗ್ರಿ ಎತ್ತಿಟ್ಟು, ಮುಗಿದ ಮೇಲೂ ಅರ್ಧ ಗಂಟೆ ಹಾಗೇ ಬಿಡುವುದು. ಕೆಮ್ಮು ಬಂದರೆ ಆಹಾರ ನಿಲ್ಲಿಸಬೇಕು. ಉಸಿರಾಟಕ್ಕೆ ಕಷ್ಟವಾದರೆ 108ಕ್ಕೆ ಕರೆ. ಇಷ್ಟು ಗೊತ್ತಿಲ್ಲದವರ ಕೈಗೆ ಒಪ್ಪಿಸಿ ಹೋದವರು ಗೇಟಿನವರೆಗೆ ಹೋಗಿ ವಾಪಸ್ ಬರುತ್ತಾರೆ.

ಸಿಕ್ಕ ಬಿಡುವೂ ಬ್ಯಾಂಕು, ಮೆಡಿಕಲ್ ಶಾಪ್ ಎಂದು ಕರಗಿಹೋಗುವುದುಂಟು. ವಿಮೆಯ ಕಾಗದಪತ್ರ, ಔಷಧದ ಆರ್ಡರ್, ಬೆಸ್ಕಾಂ ಬಿಲ್ ವಿದೇಶದಲ್ಲಿರುವ ಮಗನೇ ವಹಿಸಿಕೊಳ್ಳಲಿ. ಆದರೆ ವಿಡಿಯೊ ಕಾಲ್‌ನಲ್ಲಿ "ಅಮ್ಮ ಯಾಕೆ ಹೀಗೆ ಸೊರಗಿದ್ದಾರೆ?" ಎಂದು ಅತ್ತಿಗೆಯನ್ನು ಪ್ರಶ್ನಿಸುವುದು ಬೇಡ, ಅವರು ಮುಂದೆ ಕಷ್ಟ ಹೇಳಿಕೊಳ್ಳುವುದನ್ನೇ ಬಿಡುತ್ತಾರೆ.

ಹೋದಾಗ ಆರೈಕೆ ಮಾಡುವವರ ಬಿಪಿ, ಶುಗರ್ ಮಾತ್ರೆಯ ಬಗ್ಗೆಯೂ ಕೇಳಿ. ರೋಗಿಯ ಮಾತ್ರೆ ತಪ್ಪದೆ ಕೊಡುವವರು ತಮ್ಮದನ್ನು ಮರೆಯುತ್ತಾರೆ. ಮಲಗಲು ಅವಕಾಶವಿದ್ದೂ ಎರಡು ವಾರದಿಂದ ನಿದ್ದೆಯಿಲ್ಲ, ಯಾವುದೂ ಬೇಡ ಅನಿಸುತ್ತಿದೆ ಎಂದರೆ ವೈದ್ಯರ ಬಳಿ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಂದರೆ ಅಂದೇ ವೈದ್ಯರ ಬಳಿ ಕರೆದುಕೊಂಡು ಹೊರಡಿ, ಒಬ್ಬರನ್ನೇ ಬಿಡಬೇಡಿ.