ಇಳಿಯುವ ನೀರಿನಲ್ಲಿ ಬಾರ್ಜ್ ಕಟ್ಟುವ ಲೆಕ್ಕ

ಬಾರ್ಜ್‌ಗೆ ಅಂದರೆ ಸರಕು ಸಾಗಿಸುವ ಚಪ್ಪಟೆ ತಳದ ದೊಡ್ಡ ದೋಣಿಗೆ, ಬ್ರೇಕ್ ಇಲ್ಲ. ನೂರಾರು ಟನ್ ಸರಕು ಹೊತ್ತು ಹೊರಟ ಮೇಲೆ ಅದು ನಿಲ್ಲುವುದಕ್ಕೆ ಬಹಳ ದೂರ ಬೇಕು. ಇನ್ನೊಂದು ತೊಂದರೆಯೂ ಇದೆ. ವೇಗ ಇಳಿಸಿದಷ್ಟೂ ಚುಕ್ಕಾಣಿ ಮಾತು ಕೇಳುವುದಿಲ್ಲ. ಚುಕ್ಕಾಣಿಯನ್ನು ಒತ್ತಿಕೊಂಡು ನೀರು ಹರಿಯುತ್ತಿದ್ದರೆ ಮಾತ್ರ ಬಾರ್ಜ್ ತಿರುಗುತ್ತದೆ.

ಹಾಗಾಗಿ ಇಲ್ಲಿ ಲೆಕ್ಕಕ್ಕೆ ಬರುವುದು ನೀರಿನಲ್ಲಿ ಬಾರ್ಜ್ ಸಾಗುವ ವೇಗ. ನದಿ ಗಂಟೆಗೆ 4 ಕಿ.ಮೀ. ಹರಿಯುತ್ತಿದೆ, ಚುಕ್ಕಾಣಿ ಕೆಲಸ ಮಾಡಲು ಬಾರ್ಜ್‌ಗೂ ನೀರಿನಲ್ಲಿ 4 ಕಿ.ಮೀ. ವೇಗ ಬೇಕು ಅಂದುಕೊಳ್ಳಿ. ಹರಿವಿನ ಜೊತೆಗೇ ಬಂದರೆ ದಡದವರ ಕಣ್ಣಿಗೆ ಅದರ ವೇಗ 8 ಕಿ.ಮೀ. ಹರಿವಿಗೆ ಎದುರಾಗಿ ಬಂದರೆ? ಸೊನ್ನೆ! ನಿಂತಲ್ಲೇ ನಿಂತಿರುತ್ತದೆ, ಚುಕ್ಕಾಣಿಯೂ ಹಿಡಿತದಲ್ಲಿರುತ್ತದೆ. ಅದಕ್ಕೇ ಹರಿವಿನ ಜೊತೆ ಬಂದ ಬಾರ್ಜ್ ಕೂಡ ಕಟ್ಟುವ ಜಾಗ ದಾಟಿ, ತಿರುಗಿ, ಎದುರು ಮುಖವಾಗಿ ದಡ ಸೇರುತ್ತದೆ. ಮೊದಲು ಕಟ್ಟುವುದು ಮುಂದಿನ ಹಗ್ಗ. ಹಿಂದಿನದನ್ನು ಮೊದಲು ಕಟ್ಟಿದರೆ ಹರಿವು ಮೂತಿಯನ್ನು ನದಿಯ ನಡುವಿಗೆ ತಳ್ಳಿ ಇಡೀ ಬಾರ್ಜನ್ನೇ ಅಡ್ಡ ಹಾಕಿಬಿಡುತ್ತದೆ.

ಉಬ್ಬರವಿಳಿತ ಇರುವ ನದಿಗಳಲ್ಲಿ 'ಎದುರು' ಯಾವ ಕಡೆ ಅನ್ನುವುದೇ ಸುಮಾರು ಆರು ಗಂಟೆಗೊಮ್ಮೆ ಬದಲಾಗುತ್ತದೆ. ನೀರಿನ ಮಟ್ಟವೂ ನಿಲ್ಲುವುದಿಲ್ಲ. ಲಂಡನ್ನಿನ ಥೇಮ್ಸ್‌ನಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಸುಮಾರು 7 ಮೀಟರ್ ಏರಿಳಿಯುತ್ತದೆ. ಅದೂ ಒಂದೇ ಸಮನೆ ಅಲ್ಲ. ಒಟ್ಟು ಇಳಿತ 6 ಮೀಟರ್ ಅಂದರೆ ಮೊದಲ ಗಂಟೆಯಲ್ಲಿ ಇಳಿಯುವುದು ಹೆಚ್ಚುಕಮ್ಮಿ ಅರ್ಧ ಮೀಟರ್. ಮೂರನೇ, ನಾಲ್ಕನೇ ಗಂಟೆಗಳಲ್ಲಿ ತಲಾ ಒಂದೂವರೆ ಮೀಟರ್. ಮೊದಲ ಗಂಟೆ ನೋಡಿ 'ಪರವಾಗಿಲ್ಲ' ಅಂತ ಮಲಗಿದವರಿಗೆ ಅಪಾಯ ಇರುವುದು ಇಲ್ಲೇ. ಗಿಡ್ಡ ಹಗ್ಗ ಬಿಗಿಯಾಗಿದ್ದರೆ ಬಾರ್ಜ್ ಅದಕ್ಕೇ ನೇತುಬೀಳುತ್ತದೆ. ಆಮೇಲೆ ಹಗ್ಗ ಹರಿಯಬೇಕು, ಇಲ್ಲವೇ ಗೂಟ ಕೀಳಬೇಕು.

ಹಾಗಂತ ಸುಮ್ನೆ ಹಗ್ಗ ಸಡಿಲ ಬಿಟ್ಟರೆ ನೀರು ತುಂಬಿದಾಗ ಬಾರ್ಜ್ ಅಲೆದಾಡುತ್ತದೆ. ಇದಕ್ಕೆ ಸಿಕ್ಕಿರುವ ಪರಿಹಾರ ನನಗೆ ಬಹಳ ಇಷ್ಟ, ಯಾಕೆಂದರೆ ಇದು ಶಾಲೆಯ ಪೈಥಾಗರಸ್ ಪ್ರಮೇಯವೇ. ದಡದ ಗೂಟ 4 ಮೀಟರ್ ದೂರದಲ್ಲಿದ್ದು ನೀರು 6 ಮೀಟರ್ ಇಳಿದರೆ ಹಗ್ಗ 7.2 ಮೀಟರ್ ಬೇಕು. ಅಂದರೆ 3.2 ಮೀಟರ್ ಜಾಸ್ತಿ. ಗೂಟ ದಡದುದ್ದಕ್ಕೂ 20 ಮೀಟರ್ ಆಚೆ ಇದ್ದರೆ? 20.9 ಮೀಟರ್ ಸಾಕು. ಒಂದು ಮೀಟರ್ ಕೂಡ ಸಡಿಲ ಬಿಡಬೇಕಿಲ್ಲ! ಆದ್ದರಿಂದ ಹಗ್ಗಗಳನ್ನು ಮುಂದಕ್ಕೂ ಹಿಂದಕ್ಕೂ ದೂರ ಎಳೆದು ಕಟ್ಟುತ್ತಾರೆ. ಜೊತೆಗೆ ಮೂತಿಯಿಂದ ಹಿಂದಕ್ಕೆ, ಹಿಂಬದಿಯಿಂದ ಮುಂದಕ್ಕೆ ಒಂದೊಂದು ಹಗ್ಗ. ಹರಿವು ದಿಕ್ಕು ಬದಲಿಸಿದಾಗ ಒಂದು ಸಡಿಲವಾದರೆ ಇನ್ನೊಂದು ಭಾರ ಹೊರುತ್ತದೆ.

ನೀರು ಪೂರ್ತಿ ಇಳಿದಾಗ ಚಪ್ಪಟೆ ತಳದ ಬಾರ್ಜ್ ಕೆಸರಿನ ಮೇಲೆ ಕೂರುತ್ತದೆ. ಕೂರಲಿ, ಅದಕ್ಕೇನೂ ಆಗುವುದಿಲ್ಲ. ಆದರೆ ತಳದಲ್ಲಿ ಬಂಡೆಯೋ ಹಳೆಯ ಕಂಬದ ಮೊಂಡೋ ಇದ್ದರೆ ತೂತು ಬೀಳಬಹುದು. ಜಿಗುಟು ಕೆಸರಾದರೆ ನೀರು ಏರಿದರೂ ತಳವನ್ನು ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಹೊಸ ಜಾಗದಲ್ಲಿ ಕಟ್ಟುವ ಮೊದಲು ಇಳಿತದ ಹೊತ್ತಿನಲ್ಲಿ ಹೋಗಿ ನೆಲ ನೋಡಿಕೊಂಡು ಬರುವುದು ಅದಕ್ಕೇ.