ನಡುಗುವ ಮುಳ್ಳಿನ ತಕ್ಕಡಿ

2021ರ ಜುಲೈನಲ್ಲಿ ಇಟಲಿ ಫುಟ್‌ಬಾಲ್‌ನಲ್ಲಿ ಯುರೋಪಿನ ಚಾಂಪಿಯನ್ ಆಯಿತು. ಆಮೇಲೆ ಒಂಬತ್ತು ತಿಂಗಳೂ ತುಂಬಿರಲಿಲ್ಲ, 2022ರ ಮಾರ್ಚ್ 24ರ ರಾತ್ರಿ ಪಲೆರ್ಮೊದಲ್ಲಿ ಅದೇ ಇಟಲಿ ಉತ್ತರ ಮ್ಯಾಸಿಡೋನಿಯಾದ ಎದುರು ಸೋತು ವಿಶ್ವಕಪ್‌ನಿಂದ ಹೊರಗುಳಿಯಿತು. ಗೋಲಿನತ್ತ 32 ಸಲ ಒದ್ದರೂ ಒಂದೂ ಒಳಗೆ ಹೋಗಲಿಲ್ಲ. ಎದುರಾಳಿಗೆ ದಕ್ಕಿದ್ದು ಒಂದೇ ಗೋಲು, ಅದೂ 90 ನಿಮಿಷ ಮುಗಿದ ಮೇಲೆ.

ಎಲ್ಲರ ನೆನಪಿನಲ್ಲಿ ಉಳಿದಿರುವುದು ಆ ರಾತ್ರಿ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸುವುದು ಅದಕ್ಕೂ ಹಿಂದಿನ ಎರಡು ಪೆನಾಲ್ಟಿಗಳು. ಅರ್ಹತಾ ಸುತ್ತಿನ ಗುಂಪಿನಲ್ಲಿ ಸ್ವಿಟ್ಜರ್ಲೆಂಡ್ 18 ಅಂಕ ಗಳಿಸಿ ಮೊದಲ ಸ್ಥಾನ ಪಡೆಯಿತು, ಇಟಲಿ 16ಕ್ಕೆ ನಿಂತಿತು. ಈ ಎರಡು ತಂಡಗಳ ನಡುವಣ ಎರಡೂ ಪಂದ್ಯಗಳು ಡ್ರಾ ಆಗಿದ್ದವು. ಎರಡರಲ್ಲೂ ಇಟಲಿಗೆ ಒಂದೊಂದು ಪೆನಾಲ್ಟಿ ಸಿಕ್ಕಿತ್ತು, ಎರಡನ್ನೂ ಒದ್ದವನು ಜಾರ್ಜಿನ್ಯೊ, ಎರಡೂ ವ್ಯರ್ಥ. ಬಾಸೆಲ್‌ನಲ್ಲಿ ಗೋಲ್‌ಕೀಪರ್ ತಡೆದ, ರೋಮ್‌ನಲ್ಲಿ ಚೆಂಡು ಮೇಲೆ ಹಾರಿಹೋಯಿತು. ಗೆಲುವಿಗೆ ಮೂರು ಅಂಕ, ಡ್ರಾಗೆ ಒಂದು. ಎರಡರಲ್ಲಿ ಯಾವುದಾದರೂ ಒಂದು ಒಳಗೆ ಬಿದ್ದಿದ್ದರೆ ಇಟಲಿಗೆ 18, ಸ್ವಿಟ್ಜರ್ಲೆಂಡ್‌ಗೆ 17 ಆಗುತ್ತಿತ್ತು. ಗುಂಪಿನ ಮೊದಲಿಗರಿಗೆ ವಿಶ್ವಕಪ್‌ಗೆ ನೇರ ದಾರಿ, ಪಲೆರ್ಮೊದ ಪಂದ್ಯವೇ ಇರುತ್ತಿರಲಿಲ್ಲ. ಪೆನಾಲ್ಟಿಗಳಲ್ಲಿ ಸರಿಸುಮಾರು ನಾಲ್ಕಕ್ಕೆ ಮೂರು ಗೋಲಾಗುತ್ತವೆ. ಹಾಗಾದರೆ ಎರಡೂ ತಪ್ಪಿಹೋಗುವ ಸಂಭವ ನಾಲ್ಕನೇ ಒಂದರ ನಾಲ್ಕನೇ ಒಂದು, ಅಂದರೆ ಹದಿನಾರಕ್ಕೆ ಒಂದು. ಅಂಥ ಅಪರೂಪದ ಸಂಗತಿಯೇನೂ ಅಲ್ಲ ಇದು. ದಾಳ ಎರಡು ಸಲ ಉರುಳಿಸಿ ಎರಡು ಸಲವೂ ಆರು ಬೀಳುವುದು ಇದಕ್ಕಿಂತ ಅಪರೂಪ.

ಅರ್ಹತಾ ಸುತ್ತನ್ನು ನಾವು ಪರೀಕ್ಷೆ ಅಂದುಕೊಳ್ಳುತ್ತೇವೆ: ಓದಿದವರು ಪಾಸು, ಓದದವರು ಫೇಲು. ಅದನ್ನು ತಕ್ಕಡಿ ಅಂದುಕೊಂಡು ನೋಡಿದರೆ ಹೆಚ್ಚು ಸಂಗತಿ ಅರ್ಥವಾಗುತ್ತದೆ. ತಂಡಗಳ ಬಲವನ್ನು ತೂಗಲು ಮಾಡಿದ ತಕ್ಕಡಿ ಇದು, ಆದರೆ ಇದರ ಮುಳ್ಳು ಸದಾ ನಡುಗುತ್ತಿರುತ್ತದೆ. ಎಷ್ಟು ಸಲ ತೂಗಬೇಕು, ಯಾರನ್ನು ಯಾರ ಎದುರು ಇಡಬೇಕು, ಸಮ ಬಂದಾಗ ಏನು ಮಾಡಬೇಕು ಎಂಬ ನಿಯಮಗಳೆಲ್ಲ ಆ ನಡುಕವನ್ನು ಹೇಗೋ ಸಂಭಾಳಿಸುವ ಉಪಾಯಗಳು.

ಮುಳ್ಳು ನಡುಗುವುದು ಯಾಕೆ? ಫುಟ್‌ಬಾಲ್‌ನಲ್ಲಿ ಗೋಲು ಬಲು ದುಬಾರಿ ವಸ್ತು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ಬುಟ್ಟಿ ತಪ್ಪಿದರೆ ಮುಂದಿನ ನಿಮಿಷ ಇನ್ನೊಂದಿರುತ್ತದೆ, ಅಲ್ಲಿ ಅದೃಷ್ಟದ ಏರಿಳಿತಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಇಲ್ಲಿ ಎರಡೂ ತಂಡ ಸೇರಿ ಗಳಿಸುವುದೇ ಎರಡೋ ಮೂರೋ. ಒಂದು ಲೆಕ್ಕ ಮಾಡಿ ನೋಡೋಣ. ಬಲಶಾಲಿ ತಂಡ ಪಂದ್ಯಕ್ಕೆ ಸರಾಸರಿ 1.6 ಗೋಲು ಹೊಡೆಯುತ್ತದೆ, ದುರ್ಬಲ ತಂಡ 1 ಗೋಲು. ಅಂದರೆ ಮೊದಲನೆಯದು ಶೇ 60ರಷ್ಟು ಮೇಲು, ಸಣ್ಣ ಅಂತರವಲ್ಲ. ಅಪರೂಪದ ಘಟನೆಗಳನ್ನು ಎಣಿಸಲು ಸಂಖ್ಯಾಶಾಸ್ತ್ರಜ್ಞರು ಬಳಸುವ ಪ್ವಾಸೋನ್ ಸೂತ್ರಕ್ಕೆ ಈ ಎರಡು ಸಂಖ್ಯೆ ಕೊಟ್ಟರೆ ಬರುವ ಉತ್ತರ: ನೂರು ಪಂದ್ಯಗಳಲ್ಲಿ ಬಲಶಾಲಿ ಗೆಲ್ಲುವುದು ಸುಮಾರು 51, ಡ್ರಾ 25, ದುರ್ಬಲ ತಂಡ ಗೆಲ್ಲುವುದು 24. ಅಷ್ಟು ಮೇಲಿದ್ದೂ ಹೆಚ್ಚುಕಡಿಮೆ ಅರ್ಧದಷ್ಟು ಪಂದ್ಯಗಳಲ್ಲಿ ಗೆಲುವು ದಕ್ಕುವುದಿಲ್ಲ!

ಹೆಚ್ಚು ಸಲ ತೂಗಿದರೆ ಮುಳ್ಳು ಸ್ಥಿರವಾದೀತು, ನಿಜ. ಆದರೆ ನಾವು ಬಯಸಿದಷ್ಟು ಬೇಗ ಅಲ್ಲ. ಡ್ರಾ ಇಲ್ಲದ, ಬಲಶಾಲಿ ನೂರಕ್ಕೆ 60 ಸಲ ಗೆಲ್ಲುವ ಆಟವೊಂದನ್ನು ಊಹಿಸಿಕೊಳ್ಳಿ. ಒಂದೇ ಪಂದ್ಯವಾದರೆ ತಪ್ಪು ತಂಡ ಮುಂದೆ ಹೋಗುವ ಸಂಭವ ಶೇ 40. ಮೂರು ಪಂದ್ಯ ಆಡಿಸಿ ಎರಡು ಗೆದ್ದವರನ್ನು ಕಳಿಸಿದರೆ ಶೇ 35. ಏಳು ಪಂದ್ಯ ಆಡಿಸಿದರೂ ಶೇ 29. ಏಳು ಪಂದ್ಯಗಳ ಬೆವರಿಗೆ ಸಿಕ್ಕ ಲಾಭ ಇಷ್ಟೇ. ಅತ್ತ ಆಟಗಾರರನ್ನು ಸಂಬಳ ಕೊಟ್ಟು ಸಾಕುವ ಕ್ಲಬ್‌ಗಳು ವರ್ಷಕ್ಕೆ ಕೆಲವೇ ವಾರ ಅವರನ್ನು ದೇಶಕ್ಕೆ ಬಿಟ್ಟುಕೊಡುತ್ತವೆ. ಹೀಗಾಗಿ ನ್ಯಾಯ ಮತ್ತು ಕ್ಯಾಲೆಂಡರ್ ನಡುವೆ ಚೌಕಾಸಿ ಆಗಲೇಬೇಕು.

ಈ ಚೌಕಾಸಿ ಒಂದೊಂದು ಖಂಡದಲ್ಲಿ ಒಂದೊಂದು ಥರ. 2026ರ ವಿಶ್ವಕಪ್‌ಗೆ 48 ಜಾಗ. ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ಸದಸ್ಯ ಸಂಸ್ಥೆಗಳು 211. ಯುರೋಪಿಗೆ 16, ಆಫ್ರಿಕಕ್ಕೆ 9, ಏಷ್ಯಾಕ್ಕೆ 8, ದಕ್ಷಿಣ ಅಮೆರಿಕಕ್ಕೆ 6, ಆತಿಥೇಯರಾದ ಅಮೆರಿಕ, ಕೆನಡಾ, ಮೆಕ್ಸಿಕೊ ಸೇರಿ ಉತ್ತರ-ಮಧ್ಯ ಅಮೆರಿಕ ಮತ್ತು ಕೆರಿಬಿಯನ್‌ಗೆ 6, ಓಷಿಯಾನಿಯಾಕ್ಕೆ 1. ಉಳಿದ ಎರಡಕ್ಕೆ ಬೇರೆ ಬೇರೆ ಖಂಡಗಳ ಆರು ತಂಡಗಳ ಪ್ಲೇ-ಆಫ್, ಅಂದರೆ ಕೊನೆಯ ಅವಕಾಶದ ಸೆಣಸಾಟ. ಈ ಹಂಚಿಕೆಯ ಹಿಂದೆ ಯಾವ ಸೂತ್ರವೂ ಇಲ್ಲ. ಇದು ಬಲ, ಮತ, ಹಣ ಎಲ್ಲವನ್ನೂ ಕಲಸಿ ಮಾಡಿದ ರಾಜಿ. ವಿಜ್ಞಾನಕ್ಕೆ ಕೆಲಸ ಸಿಗುವುದು ಹಂಚಿಕೆ ಮುಗಿದ ಮೇಲೆ.

ತಕ್ಕಡಿಯಾಗಿ ನೋಡಿದರೆ ನನ್ನ ಮಟ್ಟಿಗೆ ದಕ್ಷಿಣ ಅಮೆರಿಕದ ಪದ್ಧತಿಯೇ ಚೆಂದ. ಹತ್ತು ತಂಡ, ಒಂದೇ ಗುಂಪು, ಪ್ರತಿಯೊಬ್ಬರೂ ಪ್ರತಿಯೊಬ್ಬರ ಎದುರು ತವರಿನಲ್ಲಿ ಒಮ್ಮೆ, ಹೊರಗೆ ಒಮ್ಮೆ. ತಲಾ 18 ಪಂದ್ಯ, ಒಟ್ಟು 90. ಸುಲಭದ ಗುಂಪು ಸಿಕ್ಕಿತು, ಕಷ್ಟದ್ದು ಸಿಕ್ಕಿತು ಎಂಬ ಗೊಣಗಾಟಕ್ಕೆ ಆಸ್ಪದವಿಲ್ಲ. ಗೆಲುವು, ಸೋಲು, ಡ್ರಾ ಮಾತ್ರ ಲೆಕ್ಕ ಹಿಡಿದರೂ ಈ 90 ಪಂದ್ಯಗಳ ಫಲಿತಾಂಶ ಎಷ್ಟು ಬಗೆಯಲ್ಲಿ ಬರಬಹುದು ಎಂದು ಬರೆಯಹೊರಟರೆ 43 ಅಂಕಿಗಳ ಸಂಖ್ಯೆ ಬೇಕು. ಅಷ್ಟನ್ನೂ ಯಾವ ಕಂಪ್ಯೂಟರೂ ಎಣಿಸಲಾರದು. ಹಾಗಾಗಿ ‘ಈ ತಂಡಕ್ಕೆ ಶೇ 70ರಷ್ಟು ಅವಕಾಶ’ ಎಂದು ಹೇಳುವವರು ಎಣಿಸುವುದಿಲ್ಲ, ಆಡಿಸುತ್ತಾರೆ. ಉಳಿದ ಪಂದ್ಯಗಳನ್ನು ಕಂಪ್ಯೂಟರಿನೊಳಗೆ ದಾಳ ಉರುಳಿಸಿ ಹತ್ತು ಸಾವಿರ ಸಲ ಆಡಿಸಿ, ಎಷ್ಟು ಸಲ ಆ ತಂಡ ದಾಟಿತು ಎಂದು ನೋಡುತ್ತಾರೆ. ಮಾಂಟೆ ಕಾರ್ಲೊ ವಿಧಾನ ಎಂದು ಇದಕ್ಕೆ ಹೆಸರು. 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್ ಒಂಟಿಯಾಗಿ ಇಸ್ಪೀಟು ಆಡುತ್ತ, ಗೆಲ್ಲುವ ಸಂಭವವೆಷ್ಟು ಎಂದು ಲೆಕ್ಕ ಹಾಕಲು ಹೋಗಿ ಸೋತು, ಸುಮ್ಮನೆ ನೂರು ಸಲ ಆಡಿ ನೋಡಿದರಾಗದೇ ಎಂದು ಯೋಚಿಸಿದ್ದರಿಂದ ಹುಟ್ಟಿದ್ದು. ಅದರ ಮೊದಲ ಬಳಕೆ ಪರಮಾಣು ಅಸ್ತ್ರಗಳ ಲೆಕ್ಕಾಚಾರದಲ್ಲಾಯಿತು ಅನ್ನುವುದು ಬೇರೆ ಮಾತು.

ಇಷ್ಟು ಅಚ್ಚುಕಟ್ಟಾದ ಈ ತಕ್ಕಡಿಯಲ್ಲೂ ಒಂದು ಕಡೆ ಕಲ್ಲು ಕಟ್ಟಿದಂತಿದೆ. ಅದು ಬೊಲಿವಿಯಾದ ಎತ್ತರ. ಲಾ ಪಾಸ್‌ನ ಕ್ರೀಡಾಂಗಣ ಸಮುದ್ರಮಟ್ಟದಿಂದ ಸುಮಾರು 3,600 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಕಡಲ ತೀರದ ಮೂರನೇ ಎರಡು ಭಾಗಕ್ಕಿಂತಲೂ ತುಸು ಕಡಿಮೆ. ಪ್ರತಿ ಉಸಿರಿಗೂ ಆಮ್ಲಜನಕ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ಓಡಿದ ಮೇಲೆ ದಣಿವಾರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು. ಅಲ್ಲೇ ಹುಟ್ಟಿ ಬೆಳೆದವರ ರಕ್ತದಲ್ಲಿ ಹಿಮೋಗ್ಲೋಬಿನ್ ಹೆಚ್ಚಿರುತ್ತದೆ, ಬಂದಿಳಿದವರಿಗೆ ಅದು ಕೂಡಿಬರಲು ವಾರಗಳೇ ಬೇಕು. ಇನ್ನು ಚೆಂಡಿನದು ಬೇರೆಯೇ ಕತೆ. ಗಾಳಿ ತೆಳುವಾದ್ದರಿಂದ ತಡೆ ಕಡಿಮೆ, ಚೆಂಡು ವೇಗವಾಗಿ ನುಗ್ಗುತ್ತದೆ. ತಿರುಗುವ ಚೆಂಡು ಗಾಳಿಯನ್ನು ಹಿಡಿದು ಬಾಗಬೇಕು, ಹಿಡಿಯಲು ಗಾಳಿಯೇ ಸಾಲದು, ಹಾಗಾಗಿ ಬಾಗುವುದೂ ಕಡಿಮೆ. ತಗ್ಗಿನಿಂದ ಹೋದ ಗೋಲ್‌ಕೀಪರ್‌ನ ಕಣ್ಣಿನ ಅಂದಾಜೆಲ್ಲ ತಲೆಕೆಳಗು. 2009ರ ಏಪ್ರಿಲ್ 1ರಂದು ಮರಡೋನಾ ತರಬೇತಿಯ, ಮೆಸ್ಸಿ ಆಡುತ್ತಿದ್ದ ಅರ್ಜೆಂಟೀನಾ ಅಲ್ಲಿ 6-1ರಿಂದ ಸೋತಿತು. ಮೂರ್ಖರ ದಿನದ ತಮಾಷೆಯಲ್ಲ.

2007ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂದ ಅಧ್ಯಯನವೊಂದು ದಕ್ಷಿಣ ಅಮೆರಿಕದ 1,460 ಪಂದ್ಯಗಳನ್ನು ಜಾಲಾಡಿ, ತವರಿನ ತಂಡ ಪ್ರವಾಸಿಗಿಂತ ಪ್ರತಿ ಸಾವಿರ ಮೀಟರ್ ಎತ್ತರದಲ್ಲಿದ್ದರೆ ಅದಕ್ಕೆ ಸುಮಾರು ಅರ್ಧ ಗೋಲಿನ ಲಾಭ ಎಂದು ಲೆಕ್ಕ ಹಾಕಿತು. ಅದೇ ವರ್ಷ ಫಿಫಾ ಎತ್ತರದ ಊರುಗಳಲ್ಲಿ ಅಂತರರಾಷ್ಟ್ರೀಯ ಪಂದ್ಯ ಬೇಡವೆಂದು ನಿಷೇಧ ಹೇರಿ, ಗದ್ದಲವೆದ್ದ ಮೇಲೆ ಹಿಂದೆಗೆಯಿತು. ಈಚೆಗೆ ಬೊಲಿವಿಯಾ ಇನ್ನೂ ಮೇಲೆ ಹತ್ತಿದೆ. 4,000 ಮೀಟರ್ ದಾಟಿದ ಎಲ್ ಆಲ್ಟೊದಲ್ಲಿ ಆಡುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲೇ ಬ್ರೆಜಿಲ್‌ ತಂಡವನ್ನು 1-0ಯಿಂದ ಸೋಲಿಸಿ ಏಳನೆಯ ಸ್ಥಾನ, ಅದರೊಂದಿಗೆ ಪ್ಲೇ-ಆಫ್ ಟಿಕೆಟ್ ಗಿಟ್ಟಿಸಿಕೊಂಡಿತು. ಇದು ಅನ್ಯಾಯವೇ? ಕಡಲ ತೀರದ ಸೆಕೆಯಲ್ಲಿ ಬೊಲಿವಿಯಾದವರನ್ನು ಓಡಿಸುವುದು ಅನ್ಯಾಯವಲ್ಲವಾದರೆ ಇದೂ ಅಲ್ಲ ಅನ್ನುವುದು ನನ್ನ ವಾದ.

ಉಳಿದ ಖಂಡಗಳಲ್ಲಿ ಎಲ್ಲರನ್ನೂ ಎಲ್ಲರೊಂದಿಗೆ ಆಡಿಸುವಂತಿಲ್ಲ. ಯುರೋಪಿನಲ್ಲಿ ಐವತ್ತಕ್ಕೂ ಹೆಚ್ಚು ತಂಡಗಳಿವೆ. ಗುಂಪು ಮಾಡಬೇಕು, ಗುಂಪು ಮಾಡಬೇಕಾದರೆ ಯಾರು ಬಲಶಾಲಿ ಎಂದು ಮೊದಲೇ ತಿಳಿದಿರಬೇಕು, ಇಲ್ಲವಾದರೆ ಬಲಿಷ್ಠರೆಲ್ಲ ಒಂದೇ ಗುಂಪಿಗೆ ಬಿದ್ದುಬಿಟ್ಟಾರು. ತೂಗುವ ಮೊದಲೇ ತೂಕ ಗೊತ್ತಿರಬೇಕು ಅಂದ ಹಾಗಾಯಿತು. ಈ ಇಕ್ಕಟ್ಟಿಗೆ ಕಂಡುಕೊಂಡ ದಾರಿ ರ‍್ಯಾಂಕಿಂಗ್.

ಫಿಫಾದ ಹಳೆಯ ರ‍್ಯಾಂಕಿಂಗ್ ಸೂತ್ರ ಪಂದ್ಯಗಳ ಅಂಕಗಳ ಸರಾಸರಿ ತೆಗೆಯುತ್ತಿತ್ತು. ಸೌಹಾರ್ದ ಪಂದ್ಯಗಳಿಗೆ ತೂಕ ಕಡಿಮೆ. ಹಾಗಾಗಿ ಸೌಹಾರ್ದ ಪಂದ್ಯ ಗೆದ್ದರೂ ಸರಾಸರಿ ಇಳಿಯುವ ವಿಚಿತ್ರ ಸಾಧ್ಯವಿತ್ತು. ಇದನ್ನು ಅರಿತ ಪೋಲೆಂಡ್ ಅಂಥ ಪಂದ್ಯಗಳನ್ನೇ ಆದಷ್ಟು ಕೈಬಿಟ್ಟಿತು, 2018ರ ವಿಶ್ವಕಪ್ ಗುಂಪು ವಿಂಗಡಣೆಯಲ್ಲಿ ಬ್ರೆಜಿಲ್, ಜರ್ಮನಿಗಳ ಜೊತೆ ಮೊದಲ ಸಾಲಿನಲ್ಲಿ ಕುಳಿತಿತು. ಸ್ಪೇನ್ ಎರಡನೆಯ ಸಾಲಿನಲ್ಲಿತ್ತು. ಆಡಿದ ಮೇಲೆ ಪೋಲೆಂಡ್ ತನ್ನ ಗುಂಪಿನ ಕೊನೆಯ ಸ್ಥಾನದಲ್ಲಿತ್ತು.

ಅದೇ ವರ್ಷ ಫಿಫಾ ಹೊಸ ಸೂತ್ರಕ್ಕೆ ಬಂತು. ಅದರ ಮೂಲ ಚದುರಂಗದ್ದು. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಆರ್ಪಾಡ್ ಏಲೊ ರೂಪಿಸಿದ್ದು. ತಿರುಳು ಸರಳ: ಪಂದ್ಯಕ್ಕೆ ಮುಂಚೆ ನಿನ್ನಿಂದ ನಿರೀಕ್ಷೆ ಎಷ್ಟಿತ್ತು, ಪಂದ್ಯದಲ್ಲಿ ನೀನು ಮಾಡಿದ್ದೆಷ್ಟು, ವ್ಯತ್ಯಾಸವಷ್ಟೇ ನಿನ್ನ ಖಾತೆಗೆ. ಗೆಲುವಿಗೆ 1, ಡ್ರಾಗೆ ಅರ್ಧ, ಸೋಲಿಗೆ 0 ಎಂದು ಹಿಡಿದು, ಅರ್ಹತಾ ಪಂದ್ಯವಾದರೆ ಆ ವ್ಯತ್ಯಾಸವನ್ನು 25ರಿಂದ ಗುಣಿಸುತ್ತಾರೆ. 1,700 ಅಂಕದ ತಂಡ 1,500ರ ತಂಡದೊಂದಿಗೆ ಅರ್ಹತಾ ಪಂದ್ಯ ಆಡಿದರೆ ಸೂತ್ರದ ನಿರೀಕ್ಷೆ 0.68. ಗೆದ್ದರೆ ಸಿಗುವುದು ಎಂಟು ಅಂಕ ಮಾತ್ರ, ಸೋತರೆ ಹೋಗುವುದು ಹದಿನೇಳು. ಡ್ರಾ ಆದರೂ ನಾಲ್ಕೂವರೆ ನಷ್ಟ. ದೊಡ್ಡವರು ಸಣ್ಣವರನ್ನು ಬಡಿದು ಅಂಕ ಗುಡ್ಡೆ ಹಾಕುವಂತಿಲ್ಲ. ಗೆದ್ದವರಿಗೆ ಇಳಿಕೆಯೂ ಇಲ್ಲ. ಪೋಲೆಂಡ್ ಹಿಡಿದ ಒಳದಾರಿ ಮುಚ್ಚಿತು.

ನಿಯಮ ಮಾಡುವವರು ರಂಗೋಲಿ ಕೆಳಗೆ ನುಸುಳಿದರೆ ಆಡುವವರು ಅದರ ಕೆಳಗೂ ನುಸುಳುತ್ತಾರೆ ಅನ್ನುವುದಕ್ಕೆ 1994ರ ಜನವರಿ 27ರ ಪಂದ್ಯಕ್ಕಿಂತ ಸಾಕ್ಷಿ ಬೇಡ. ಅದು ಕೆರಿಬಿಯನ್ ಕಪ್‌ನ ಅರ್ಹತಾ ಸುತ್ತು, ಬಾರ್ಬಡೋಸ್ ಮತ್ತು ಗ್ರೆನಡಾ ನಡುವೆ. ಪಂದ್ಯ ಡ್ರಾ ಆಗಕೂಡದು, ಹೆಚ್ಚುವರಿ ಸಮಯದಲ್ಲಿ ಗೋಲು ಹೊಡೆದವರು ಅಲ್ಲಿಗೇ ಗೆದ್ದ ಹಾಗೆ, ಆ ಗೋಲಿಗೆ ಎರಡು ಗೋಲಿನ ಬೆಲೆ ಎಂದು ನಿಯಮ. ಮುಂದಿನ ಸುತ್ತಿಗೆ ಹೋಗಲು ಬಾರ್ಬಡೋಸ್‌ಗೆ ಎರಡು ಗೋಲಿನ ಅಂತರ ಬೇಕಿತ್ತು. 2-0 ಮುಂದಿದ್ದಾಗ, 83ನೇ ನಿಮಿಷದಲ್ಲಿ ಗ್ರೆನಡಾ ಒಂದು ಹೊಡೆಯಿತು. ಈಗ ಉಳಿದಿರುವ ಕೆಲವೇ ನಿಮಿಷದಲ್ಲಿ ಇನ್ನೊಂದು ಹೊಡೆಯುವುದು ಕಷ್ಟ. ಆದರೆ ಪಂದ್ಯವನ್ನು ಸಮ ಮಾಡಿಬಿಟ್ಟರೆ? ಹೆಚ್ಚುವರಿ ಅರ್ಧ ಗಂಟೆ, ಅದರಲ್ಲಿ ಒಂದು ಗೋಲಿಗೆ ಎರಡರ ಬೆಲೆ. 87ನೇ ನಿಮಿಷದಲ್ಲಿ ಬಾರ್ಬಡೋಸ್ ಆಟಗಾರರು ಚೆಂಡನ್ನು ಬೇಕೆಂದೇ ತಮ್ಮ ಗೋಲಿಗೇ ಒದ್ದರು. ಗ್ರೆನಡಾದವರಿಗೆ ಲೆಕ್ಕ ಹೊಳೆಯಲು ತಡವಾಗಲಿಲ್ಲ. 3-2ರಿಂದ ಗೆದ್ದರೂ ಸರಿ, 3-2ರಿಂದ ಸೋತರೂ ಸರಿ, ಅವರು ಮುಂದಕ್ಕೆ ಹೋಗುತ್ತಾರೆ, ಯಾವ ಗೋಲಾದರೇನು! ಕೊನೆಯ ನಿಮಿಷಗಳಲ್ಲಿ ಗ್ರೆನಡಾ ಎರಡೂ ಗೋಲುಗಳತ್ತ ನುಗ್ಗುತ್ತಿತ್ತು, ಬಾರ್ಬಡೋಸ್ ಎರಡನ್ನೂ ಕಾಯುತ್ತಿತ್ತು. ಹೆಚ್ಚುವರಿ ಸಮಯದಲ್ಲಿ ಬಾರ್ಬಡೋಸ್ ಗೋಲು ಹೊಡೆದು, ದಾಖಲೆಯಲ್ಲಿ 4-2ರಿಂದ ಗೆದ್ದಿತು. ಮೈದಾನದಲ್ಲಿದ್ದವರೆಲ್ಲ ಬುದ್ಧಿವಂತಿಕೆಯಿಂದಲೇ ಆಡಿದರು. ಎಡವಟ್ಟು ಇದ್ದದ್ದು ನಿಯಮ ಬರೆದ ಕಾಗದದಲ್ಲಿ.

ಸಮಬಲ ಬಂದಾಗ ಏನು ಮಾಡಬೇಕು ಎಂಬುದೇ ಇಂಥ ಎಡವಟ್ಟುಗಳ ತವರು. ಗೋಲು ವ್ಯತ್ಯಾಸ ನೋಡುತ್ತೇವೆ ಅಂದರೆ ದುರ್ಬಲರನ್ನು ಚಚ್ಚುವವರಿಗೆ ಲಾಭ: 2001ರಲ್ಲಿ ಆಸ್ಟ್ರೇಲಿಯಾ ಅಮೆರಿಕನ್ ಸಮೋವಾವನ್ನು 31-0ಯಿಂದ ಸೋಲಿಸಿತು, ಆ ಸಂಖ್ಯೆಯಿಂದ ಆಸ್ಟ್ರೇಲಿಯಾದ ಬಲದ ಬಗ್ಗೆ ಯಾರಿಗೂ ಹೊಸದೇನೂ ತಿಳಿಯಲಿಲ್ಲ. ಪರಸ್ಪರ ಪಂದ್ಯ ನೋಡುತ್ತೇವೆ ಅಂದರೆ ಹತ್ತು ಪಂದ್ಯಗಳ ಮಾಹಿತಿ ಬದಿಗಿಟ್ಟು ಎರಡನ್ನೇ ನಂಬಿದಂತೆ. ಎಲ್ಲ ಮುಗಿದ ಮೇಲೆ ಉಳಿಯುವುದು ಚೀಟಿ.

1954ರ ವಿಶ್ವಕಪ್‌ಗೆ ಸ್ಪೇನ್ ಮತ್ತು ಟರ್ಕಿ ಸೆಣಸಿದವು. ಮೊದಲ ಪಂದ್ಯ ಸ್ಪೇನ್‌ಗೆ 4-1, ಎರಡನೆಯದು ಟರ್ಕಿಗೆ 1-0. ಒಟ್ಟು ಗೋಲು ಎಣಿಸುವ ಪದ್ಧತಿ ಆಗ ಇರಲಿಲ್ಲ. ಇದ್ದಿದ್ದರೆ ಸ್ಪೇನ್ ಆರಾಮಾಗಿ ಹೋಗುತ್ತಿತ್ತು. ಮೂರನೆಯ ಪಂದ್ಯ ರೋಮ್‌ನಲ್ಲಿ, 2-2. ಕಡೆಗೆ ಒಬ್ಬ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ ಚೀಟಿ ಎತ್ತಿಸಿದರು. ಬಂದದ್ದು ಟರ್ಕಿಯ ಹೆಸರು.

ಆದರೆ ವಿಶ್ವಕಪ್ ಸಂಘಟಕರು ಯಾರು ಬಲಶಾಲಿಗಳು ಎಂಬ ಪಟ್ಟಿಯನ್ನು ಅರ್ಹತಾ ಪಂದ್ಯಗಳು ಮುಗಿಯುವ ಮೊದಲೇ ಮಾಡಿಟ್ಟಿದ್ದರು, ಅದರಲ್ಲಿ ಸ್ಪೇನ್ ಇತ್ತು. ಸ್ಪೇನ್ ಹೊರಬಿತ್ತು, ಅದರ ಖುರ್ಚಿಯಲ್ಲಿ ಟರ್ಕಿಯನ್ನು ಕೂರಿಸಿದರು. ಹೀಗೆ ಚೀಟಿಯಲ್ಲಿ ಗೆದ್ದ ಟರ್ಕಿ ಬಲಶಾಲಿಗಳ ಪಟ್ಟಿಯಲ್ಲಿ, ಅದೇ ಗುಂಪಿನಲ್ಲಿದ್ದ ಪಶ್ಚಿಮ ಜರ್ಮನಿ ದುರ್ಬಲರ ಪಟ್ಟಿಯಲ್ಲಿ. ಎರಡೂ ತಂಡಗಳು ಎರಡು ಸಲ ಎದುರಾದವು. ಜರ್ಮನಿ ಒಮ್ಮೆ 4-1ರಿಂದ, ಇನ್ನೊಮ್ಮೆ 7-2ರಿಂದ ಗೆದ್ದಿತು. ಜುಲೈ 4ರಂದು ಬರ್ನ್‌ನಲ್ಲಿ ಕಪ್ ಎತ್ತಿದ್ದೂ ಅದೇ.