ಗೋಡೆ ಮೇಲೆ ಹರಿದಾಡುವ ಸೌತೆಬೀಜ ಯಾವುದು?

ಪ್ರಶ್ನೆ: ನಮ್ಮ ಬಾತ್‌ರೂಮ್ ಗೋಡೆಯಲ್ಲಿ ಬೂದು ಬಣ್ಣದ, ಸೌತೆಬೀಜದ ಹಾಗಿರುವ ಏನೋ ಅಂಟಿಕೊಂಡಿರುತ್ತದೆ. ಸುಣ್ಣದ ಚಕ್ಕೆ ಅಂದುಕೊಂಡಿದ್ದೆ. ಮೊನ್ನೆ ನೋಡಿದರೆ ನಿಧಾನಕ್ಕೆ ಮೇಲೆ ಹತ್ತುತ್ತಿತ್ತು! ಇದು ಗೆದ್ದಲಾ? ಪುಟ್ಟ ಮಗು ಇರುವ ಮನೆ, ಕಚ್ಚುತ್ತದಾ?

ಉತ್ತರ: ಗೆದ್ದಲಲ್ಲ, ಕಚ್ಚುವುದೂ ಇಲ್ಲ. ನೀವು ನೋಡಿದ್ದು ಒಂದು ಸಣ್ಣ ಪತಂಗದ ಮರಿ, ಅದರ ಚೀಲದ ಸಮೇತ. ಇಂಗ್ಲಿಷಿನಲ್ಲಿ ಇದಕ್ಕೆ ಹೌಸ್‌ಹೋಲ್ಡ್ ಕೇಸ್‌ಬೇರರ್ ಅಂತಾರೆ, ಫೆರಿಯೀಕಾ ಅನ್ನುವ ಕುಲಕ್ಕೆ ಸೇರಿದ್ದು. ನಾವು ಸುಮ್ನೆ ಚೀಲದ ಹುಳು ಅನ್ನೋಣ.

ಗುರುತು ಹಿಡಿಯುವುದು ಸುಲಭ. ಚೀಲ ಸುಮಾರು ಒಂದು ಸೆಂಟಿಮೀಟರ್ ಉದ್ದ, ಅಂದರೆ ಒಂದು ರೂಪಾಯಿ ನಾಣ್ಯದ ಅರ್ಧದಷ್ಟು. ಚಪ್ಪಟೆ, ನಡುವೆ ಅಗಲ, ಎರಡೂ ತುದಿ ಚೂಪು. ಹುಳು ತಾನೇ ರೇಷ್ಮೆ ನೂಲು ಬಿಟ್ಟು, ಅದಕ್ಕೆ ಮರಳಿನ ಕಣ, ಧೂಳು, ಬಟ್ಟೆಯ ಎಳೆ, ಪೇಂಟಿನ ಚೂರು, ಹೀಗೆ ನಿಮ್ಮ ಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಅಂಟಿಸಿ ಚೀಲ ಕಟ್ಟುತ್ತದೆ. ಅದಕ್ಕೇ ಗೋಡೆ ಬಣ್ಣದಲ್ಲಿ ಬೆರೆತು ಕಣ್ಣಿಗೇ ಬೀಳುವುದಿಲ್ಲ. ಬೆಳೆದ ಹಾಗೆ ಚೀಲವನ್ನೂ ದೊಡ್ಡದು ಮಾಡಿಕೊಳ್ಳುತ್ತದೆ. ಒಂದನ್ನು ಕಾಗದದ ಮೇಲೆ ಇಟ್ಟು ಅಲುಗಾಡದೆ ಕಾದು ನೋಡಿ: ಸ್ವಲ್ಪ ಹೊತ್ತಿಗೆ ಕಂದು ತಲೆ, ಆರು ಕಾಲು ಹೊರಗೆ ಬರುತ್ತವೆ, ಆಮೇಲೆ ಚೀಲವನ್ನು ಎಳೆದುಕೊಂಡು ಹೊರಡುತ್ತದೆ. ಅಡ್ಡ ಬೆರಳು ಇಟ್ಟರೆ ಒಳಗೇ ತಿರುಗಿ ಇನ್ನೊಂದು ತುದಿಯಿಂದ ತಲೆ ಹಾಕುತ್ತದೆ! ಚೀಲಕ್ಕೆ ಎರಡು ಬಾಗಿಲು, ಅಲ್ವಾ? (ತೋಟದ ಗಿಡದಲ್ಲಿ ಕಡ್ಡಿ ಅಂಟಿಸಿಕೊಂಡು ನೇತಾಡುವ ಹುಳು ಬೇರೆ, ಅದು ಎಲೆ ತಿನ್ನುವ ಜಾತಿ.)

ಬಾತ್‌ರೂಮೇ ಯಾಕೆ ಅಂದರೆ, ಇದಕ್ಕೆ ತೇವ ಬೇಕು. ಊಟ ಏನು ಅಂದರೆ ಹಳೆಯ ಜೇಡರ ಬಲೆ, ಉದುರಿದ ಕೂದಲು, ಸತ್ತ ಹುಳಹುಪ್ಪಟೆ. ಮೂಲೆಯಲ್ಲಿ ಬಲೆ ಕಟ್ಟಿದ್ದರೆ ಅಲ್ಲಿ ಇವಕ್ಕೆ ದಿನಾ ಹಬ್ಬ.

ಸ್ಪ್ರೇ ಹೊಡೆಯಲು ಓಡಬೇಡಿ. ಚೀಲದೊಳಗೆ ಕೂತ ಹುಳುವಿಗೆ ಔಷಧಿ ಸರಿಯಾಗಿ ತಾಗುವುದಿಲ್ಲ, ಮಗು ಉಸಿರಾಡುವ ಗಾಳಿ ಕೆಡುವುದಷ್ಟೇ ಲಾಭ. ಕಂಡದ್ದನ್ನು ಪೊರಕೆಯಿಂದ ಕೆಡವಿ ಹೊರಗೆ ಹಾಕಿ, ಬಾಗಿಲ ಹಿಂದೆ, ಕಪಾಟಿನ ಹಿಂದೆ, ಸೂರಿನ ಮೂಲೆಯಲ್ಲಿ ಬಲೆ ತೆಗೆಯಿರಿ, ಬಾತ್‌ರೂಮಿಗೆ ಗಾಳಿ ಬಿಡಿ. ಒಂದೇ ದಿನಕ್ಕೆ ಮುಗಿಯುವ ಕೆಲಸ ಅಲ್ಲ. ಮೊಟ್ಟೆ ಗೋಡೆಯ ಸಂದಿಯಲ್ಲಿರುತ್ತದೆ, ಮರಿಯಾಗಿಯೇ ಇದು ಒಂದೂವರೆ ತಿಂಗಳು ಕಳೆಯುತ್ತದೆ, ಹಾಗಾಗಿ ಎರಡು ಮೂರು ತಿಂಗಳು ವಾರಕ್ಕೊಮ್ಮೆ ಬಲೆ ಹೊಡೆಯಬೇಕು. ಬೂದು ಬಣ್ಣದ ಪುಟ್ಟ ಪತಂಗ ಗೋಡೆಯಲ್ಲಿ ಕೂತಿದ್ದರೆ ಅದು ಇದರದ್ದೇ ದೊಡ್ಡ ರೂಪ ಇರಬಹುದು.

ಹತ್ತಿ ಬಟ್ಟೆಗೆ ಭಯವಿಲ್ಲ. ಆದರೆ ಬಟ್ಟೆ ತಿನ್ನುವ ನುಸಿಯ ಕುಟುಂಬಕ್ಕೇ ಸೇರಿದ್ದರಿಂದ ಉಣ್ಣೆ ಸಿಕ್ಕರೆ ಬಿಡುವುದಿಲ್ಲ. ಕಂಬಳಿ, ಸ್ವೆಟರ್, ಉಣ್ಣೆ ಶಾಲು ಗೋಡೆಗೆ ತಾಗಿಸಿ ಇಟ್ಟಿದ್ದರೆ ಇವತ್ತೇ ಕೊಡವಿ ಬಿಸಿಲಿಗೆ ಹಾಕಿ.